ಎಡಗೈ ಕಂಟ್ರೋಲರ್

ಮೂವತ್ತೊಂದು ವರ್ಷ ನಾನು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವನು. ಬಸ್ಸು ಹತ್ತಿ ಮೊದಲ ಕಂಬ ಹಿಡಿಯುವಷ್ಟರಲ್ಲೇ ಯಾರ ಹತ್ತಿರ ಟಿಕೆಟ್ ಇಲ್ಲ ಅನ್ನುವುದು ನನಗೆ ಗೊತ್ತಾಗಿಬಿಡುತ್ತಿತ್ತು. ಟಿಕೆಟ್ ಇಲ್ಲದವನು ಕಿಟಕಿಯ ಆಚೆ ನೋಡುತ್ತಾನೆ, ಇಲ್ಲವೇ ನನ್ನನ್ನು ನೋಡಿ ನಗುತ್ತಾನೆ. ಟಿಕೆಟ್ ಇದ್ದವನು ಯಾಕೆ ನಗಬೇಕು? ಅವನಿಗೆ ನನ್ನಿಂದ ಆಗಬೇಕಾದ್ದೇನಿದೆ? ಹಾಗಾಗಿ ಯಾರಾದರೂ ಹತ್ತಿರ ಬಂದು ನಗುನಗುತ್ತಾ ಮಾತಾಡಿದರೆ ನನ್ನ ಕೈ ಈಗಲೂ ತಾನಾಗಿ ಮುಂದೆ ಚಾಚಿಕೊಳ್ಳುತ್ತದೆ, ಎಲ್ಲಿ, ತೋರಿಸು ಅಂತ. ಕಂಡಕ್ಟರುಗಳು ನನಗೆ ಹದ್ದು ಅಂತ ಹೆಸರಿಟ್ಟಿದ್ದರು. ಅದು ನನಗೆ ಗೊತ್ತಿಲ್ಲ ಅಂತ ಅವರು ತಿಳಿದಿದ್ದರು, ಪಾಪ.

ನಿವೃತ್ತಿಯಾಗಿ ಆರು ವರ್ಷವಾಯಿತು. ಬಸ್ಸು ಬಿಟ್ಟೆ, ಅಭ್ಯಾಸ ಬಿಡಲಿಲ್ಲ. ನನ್ನಾಕೆ ಇದಕ್ಕೆ ಒಂದೇ ಗಾದೆ ಇಟ್ಟುಕೊಂಡಿದ್ದಾಳೆ: ತಾನು ಕಳ್ಳ, ಪರರ ನಂಬ. "ನಾನೇನು ಕದ್ದಿದ್ದೀನಿ?" ಅಂತ ಕೇಳಿದರೆ, "ಮನೇಲಿದ್ದ ಒಂದು ರೂಮು" ಅನ್ನುತ್ತಾಳೆ.

ಆ ರೂಮು ನೆಲಮಹಡಿಯ ಕೊನೆಯದು. ಮುಂದಿನದು ನಮ್ಮಿಬ್ಬರದು, ಮೇಲಿನದು ಮಗ-ಸೊಸೆಯದು, ಕೊನೆಯದು ನನ್ನ ರೈಲಿನದು. ಆಟದ ರೈಲು ಅನ್ನಬೇಡಿ, ನನಗೆ ಸಿಟ್ಟು ಬರುತ್ತದೆ. ಅಂಗೈಯಷ್ಟು ಉದ್ದದ ಎಂಜಿನ್ನು ನಿಜ, ಆದರೆ ಅದರ ಕಂಬಿ, ಕೈಗಂಬಿ, ದೀಪ ಎಲ್ಲವೂ ಅಳತೆಗೆ ಸರಿಯಾಗಿ ಇಳಿದಿವೆ. ಸೊಂಟದೆತ್ತರದ ಹಲಗೆಯ ಮೇಲೆ ಒಂದು ನಿಲ್ದಾಣ, ಒಂದು ಸೇತುವೆ, ಒಂದು ಸುರಂಗ, ಆರು ಹಳಿಯ ಗೂಡ್ಸ್ ಯಾರ್ಡು. ಹದಿನೇಳು ವರ್ಷದ ಕೆಲಸ. ಎದುರು ಗೋಡೆಯುದ್ದಕ್ಕೂ ಒಂದು ಮೇಜು, ಮೇಜಿನ ಮೇಲೆ ಎರಡು ಹಳೆಯ ಕಂಟ್ರೋಲ್ ಪೆಟ್ಟಿಗೆ ಮತ್ತು ಮೂವತ್ತನಾಲ್ಕು ಸ್ವಿಚ್ಚಿನ ಬೋರ್ಡು, ಮುಂದೆ ನನ್ನ ಕುರ್ಚಿ.

ಇಷ್ಟೊಂದು ಸ್ವಿಚ್ಚು ಯಾಕೆ ಅಂತ ಕೇಳುತ್ತೀರಿ. ಹಳೆಯ ಪದ್ಧತಿಯಲ್ಲಿ ಹಳಿಗೆ ಎಷ್ಟು ಕರೆಂಟು ಬಿಡುತ್ತೀರೋ ಎಂಜಿನ್ನು ಅಷ್ಟು ವೇಗ. ಒಂದೇ ಹಳಿಯ ಮೇಲೆ ಎರಡು ಎಂಜಿನ್ನಿದ್ದರೆ ಎರಡೂ ಒಟ್ಟಿಗೇ ಹೊರಡುತ್ತವೆ. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸಬೇಕಾದರೆ ಹಳಿಯನ್ನು ತುಂಡುತುಂಡಾಗಿ ಬೇರ್ಪಡಿಸಿ ಪ್ರತಿ ತುಂಡಿಗೂ ಒಂದು ಸ್ವಿಚ್ಚು ಕೊಡಬೇಕು. ಯಾವ ಸ್ವಿಚ್ಚು ಯಾವ ತುಂಡಿಗೆ ಅಂತ ನಾನು ಎಲ್ಲೂ ಬರೆದಿಟ್ಟಿರಲಿಲ್ಲ. ಬರೆದಿಟ್ಟರೆ ಯಾರಾದರೂ ಓದುತ್ತಾರೆ. ಎಲ್ಲ ತಲೆಯಲ್ಲಿತ್ತು. ಈ ವರ್ಷದ ಆರಂಭದಲ್ಲಿ ಒಂದು ದಿನ ಹತ್ತೊಂಬತ್ತನೆಯದು ಯಾವುದಕ್ಕೆ ಅನ್ನುವುದು ಒಂದು ಗಳಿಗೆ ಮರೆತುಹೋಗಿ, ಗೂಡ್ಸು ಗಾಡಿ ಹೋಗಿ ನಿಂತ ರೈಲಿಗೆ ಗುದ್ದಿತು. ಅದನ್ನು ನಾನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಇನ್ನು ಸೊಸೆ. ಮದುವೆಯಾಗಿ ಎರಡು ವರ್ಷವಾಗಿತ್ತು. ಕಿವಿ ಕೇಳಿಸದವರು ಹಾಕಿಕೊಳ್ಳುವ ಪುಟ್ಟ ಯಂತ್ರಗಳನ್ನು ರಿಪೇರಿ ಮಾಡುವುದು ಅವಳ ಕೆಲಸ. ಅಕ್ಕಿಕಾಳಿನಷ್ಟರ ಭಾಗಗಳನ್ನು ಭೂತಗನ್ನಡಿಯ ಕೆಳಗಿಟ್ಟು ಬೆಸೆಯುತ್ತಾಳೆ. ಬಲು ಕಡಿಮೆ ಮಾತು. ಅವಳ ಅಪ್ಪನಿಗೆ ಹುಷಾರಿಲ್ಲದೆ ಆಸ್ಪತ್ರೆ ಸೇರಿದ್ದರಿಂದ ಕೆಲಸ ಮುಗಿಸಿ ಅಲ್ಲಿಗೆ ಹೋಗಿ, ಮನೆಗೆ ಬರುವಾಗ ಹೊತ್ತಾಗುತ್ತಿತ್ತು. ಬೀಗರನ್ನು ನೋಡಲು ನಾನೂ ಒಮ್ಮೆ ಹೋಗಿ ಹತ್ತು ನಿಮಿಷ ನಿಂತು ಬಂದಿದ್ದೆ. ನಿದ್ದೆಯಲ್ಲಿದ್ದರು. ಹಣ್ಣಿನ ಚೀಲ ಇಟ್ಟು ಬಂದೆ.

ಎರಡು ವರ್ಷ ಆ ಕೋಣೆಯ ಕಡೆ ತಲೆ ಹಾಕದವಳು ಇದ್ದಕ್ಕಿದ್ದ ಹಾಗೆ ಬರಲು ಶುರುಮಾಡಿದಳು. ಮೊದಲು ಚಹಾ ತಂದಳು. ಆಮೇಲೆ ಚಹಾ ಕೊಟ್ಟು ನಿಂತಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು. ಅತಿ ವಿನಯಂ ಧೂರ್ತ ಲಕ್ಷಣಂ ಅಂತ ಸುಮ್ಮನೆ ಹೇಳಿದ್ದಾರೆಯೇ? ನಾನು ಕಾದೆ. ಒಂದು ಭಾನುವಾರ ಬೆಳಿಗ್ಗೆ ಬಾಯಿಬಿಟ್ಟಳು.

"ಮಾವ, ಇದನ್ನ ಡಿಜಿಟಲ್ ಮಾಡ್ಬಿಡೋಣ್ವಾ?"

"ಯಾಕೆ? ಈಗೇನಾಗಿದೆ?"

"ಏನೂ ಆಗಿಲ್ಲ. ಪ್ರತಿ ಎಂಜಿನ್ ಒಳಗೂ ಒಂದು ಚಿಪ್ ಕೂರಿಸ್ತೀನಿ. ಒಂದೊಂದಕ್ಕೂ ಒಂದು ನಂಬರ್. ಹಳೀಲಿ ಯಾವಾಗ್ಲೂ ಪೂರ್ತಿ ಕರೆಂಟ್ ಇರುತ್ತೆ. ನೀವು ಕಂಟ್ರೋಲರಲ್ಲಿ ಒಂದು ನಂಬರ್ ಒತ್ತಿದ್ರೆ ಆ ಎಂಜಿನ್ ಮಾತ್ರ ನಿಮ್ಮ ಮಾತು ಕೇಳುತ್ತೆ. ಬೇರೇದು ನಿಂತಲ್ಲೇ ನಿಂತಿರುತ್ತೆ."

"ಮತ್ತೆ ಈ ಸ್ವಿಚ್ಚುಗಳು?"

"ಒಂದೂ ಬೇಡ. ಬೋರ್ಡು, ಮೇಜು ಎಲ್ಲ ತೆಗೆದುಬಿಡಬಹುದು. ಈ ಗೋಡೆ ಪೂರ್ತಿ ಖಾಲಿ ಆಗುತ್ತೆ."

ಹೇಳಿ ನಕ್ಕಳು. ನನ್ನ ಕೈ ಮುಂದೆ ಬಂತು. ನನ್ನ ಗೋಡೆ ಖಾಲಿಯಾದರೆ ಇವಳಿಗೇನು ಲಾಭ?

ನೋಡೋಣ ಅಂದು ಸುಮ್ಮನಾದೆ. ಆ ವಾರ ಕಳೆಯುವುದರೊಳಗೆ ನನ್ನ ಸೇತುವೆಯ ಪಕ್ಕದಲ್ಲಿ ಅಳತೆಯ ಟೇಪು ಸಿಕ್ಕಿತು. ಕೆಳಗೆ ಮಡಿಚಿದ ಚೀಟಿ, ಸೊಸೆಯ ಅಕ್ಷರ. ಕಿಟಕಿಯಿಂದ ಬಾಗಿಲಿಗೆ ಇಷ್ಟು. ಬಾಗಿಲಿನ ಅಗಲ ಇಷ್ಟು. ಹೊಸಿಲಿನ ಎತ್ತರ ಇಷ್ಟು. ಹೊಸಿಲಿನ ಎತ್ತರವನ್ನು ಯಾರಾದರೂ ಅಳೆಯುತ್ತಾರೆಯೇ? ಚೀಟಿಯನ್ನು ಇದ್ದಲ್ಲೇ ಬಿಟ್ಟು ಅಂಕಿಗಳನ್ನು ನನ್ನ ಜೇಬಿನ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡೆ. ಸಾಕ್ಷಿಯನ್ನು ಮುಟ್ಟಬಾರದು, ನಕಲು ಮಾಡಿಕೊಳ್ಳಬೇಕು.

ಕೂತು ಯೋಚಿಸಿದೆ. ಚಕ್ರ ಇರುವ ಯಾವುದೋ ಭಾರದ ವಸ್ತು ಈ ಬಾಗಿಲಿನಿಂದ ಒಳಗೆ ಬರಲಿದೆ. ರಿಪೇರಿ ಯಂತ್ರ ಇರಬೇಕು. ಅವಳು ಕೆಲಸ ಬಿಟ್ಟು ಸ್ವಂತ ಅಂಗಡಿ ಇಡುವ ಯೋಚನೆಯಲ್ಲಿದ್ದಾಳೆ. ನೆಲಮಹಡಿ, ಮೆಟ್ಟಿಲಿಲ್ಲ, ಮುದುಕರು ಬಂದು ಹೋಗಲು ಅನುಕೂಲ. ಮೊದಲು ಗೋಡೆ ಕೇಳುತ್ತಾಳೆ, ಆಮೇಲೆ ಅರ್ಧ ಕೋಣೆ, ಕೊನೆಗೆ "ಮಾವ, ಈ ಹಲಗೆಯನ್ನೂ ಎಲ್ಲಾದರೂ ಇಡೋಣ್ವಾ?" ಎಲ್ಲ ಕೂಡಿಬಂತು.

ಕೋಣೆ ಹೋದರೆ ನಾನು ಏನು? ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಹೋಗುವವರು ಬರುವವರನ್ನು ನೋಡುವ ಒಬ್ಬ ಮುದುಕ. ನನಗೆ ಸಿಟ್ಟು ಬಂದಿತ್ತು ಅಂತ ಹೇಳಿಕೊಂಡು ತಿರುಗಿದೆ, ಆದರೆ ನಿಜ ಹೇಳಬೇಕೆಂದರೆ ಬಂದದ್ದು ಹೆದರಿಕೆ.

ಟಿಕೆಟ್ ಇಲ್ಲದವನನ್ನು ಹತ್ತಿದ ಕೂಡಲೇ ಹಿಡಿಯಬಾರದು. ಎರಡು ಸ್ಟಾಪು ಹೋಗಲು ಬಿಡಬೇಕು, ಆಗ "ಈಗ ತಾನೇ ಹತ್ತಿದೆ ಸಾರ್" ಅನ್ನಲು ಆಗುವುದಿಲ್ಲ. ಹಾಗಾಗಿ ಒಪ್ಪಿಕೊಂಡೆ. "ಆಯ್ತು, ಡಿಜಿಟಲ್ ಮಾಡೋಣ. ಕಂಟ್ರೋಲರ್ ನಾನೇ ನೋಡಿ ಆರಿಸ್ತೀನಿ" ಅಂದೆ. ನನ್ನಾಕೆ ಅಡುಗೆಮನೆಯಿಂದ ಇಣುಕಿ ನೋಡಿದಳು. ನಾನು ಯಾವುದಕ್ಕೂ ಇಷ್ಟು ಬೇಗ ಒಪ್ಪಿದವನಲ್ಲ.

ಇಂಥ ರೈಲುಗಳ ಅಂಗಡಿ ಪೇಟೆಯ ಒಂದು ಅಡ್ಡಬೀದಿಯಲ್ಲಿ, ಬೀಗದ ಕೈ ಮಾಡಿಕೊಡುವವನ ಮಗ್ಗುಲಲ್ಲಿತ್ತು. ಒಳಗೆ ಗಾಜಿನ ಕಪಾಟು, ಕಪಾಟಿನ ಮೇಲೆ ಮೊಟ್ಟೆಯಾಕಾರದ ಪುಟ್ಟ ಹಳಿ. ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿಕೊಂಡ ತೆಳ್ಳಗಿನ ಆಸಾಮಿ. ಸೊಸೆಯನ್ನು ಕಂಡ ಕೂಡಲೇ, "ಬನ್ನಿ ಬನ್ನಿ, ನೀವು ಹೋದ್ಸಲ ಕೇಳಿದ್ರಲ್ಲ..." ಅಂದವನು ನನ್ನನ್ನು ನೋಡಿ ಮಾತು ನುಂಗಿದ. ಹೋದ ಸಲವಂತೆ! ಇವಳು ಮೊದಲೇ ಬಂದು ಹೋಗಿದ್ದಾಳೆ. ನಾನು ಆರಿಸುವುದಕ್ಕೆ ಏನು ಉಳಿದಿದೆ, ಇವರಿಬ್ಬರೂ ಮೊದಲೇ ಆರಿಸಿ ಇಟ್ಟಿದ್ದಾರೆ.

ಮೂರು ಕಂಟ್ರೋಲರ್ ತೆಗೆದಿಟ್ಟ. ಮೊದಲನೆಯದು ಅಂಗೈ ಅಗಲದ ಪೆಟ್ಟಿಗೆ, ನಾಲ್ಕಾರು ಗುಂಡಿ. "ಹೊಸಬರಿಗೆ ಇದು ಸಾಕು" ಅಂದ. ಅಂದರೆ ಆರು ತಿಂಗಳಿಗೆ ಸಾಲದಾಗಿ ಮತ್ತೆ ಇವನ ಬಾಗಿಲಿಗೇ ಬರಬೇಕು. ಎರಡನೆಯದು ದೊಡ್ಡದು, ಬಣ್ಣದ ಪರದೆ, ಎರಡು ತಿರುಗಣೆ. "ಒಂದ್ಸಲ ತಗೊಂಡ್ರೆ ಜೀವಮಾನಕ್ಕೆ ಸಾಕು" ಅಂದ. ಯಾರ ಜೀವಮಾನ, ಅದರದೋ ನನ್ನದೋ, ಹೇಳಲಿಲ್ಲ. ಆದರೂ ನನ್ನ ಮನಸ್ಸು ಅದರ ಮೇಲೇ ಹೋಯಿತು. ಮೇಜಿಗೆ ನಾಲ್ಕು ಮೊಳೆ ಹೊಡೆದು ಕೂರಿಸಬಹುದು. ಮೇಜಿದ್ದರೆ ಗೋಡೆ ಖಾಲಿಯಾಗುವುದಿಲ್ಲ.

ಮೂರನೆಯದು ಹಲಗೆಯ ಅಡಿಯಲ್ಲಿಡುವ ಒಂದು ಪೆಟ್ಟಿಗೆ, ಜೊತೆಗೆ ತಂತಿಯಿಲ್ಲದ ಒಂದು ರಿಮೋಟು. ಸೊಸೆ ಬೇರೆ ಎರಡನ್ನು ಕಣ್ಣೆತ್ತಿಯೂ ನೋಡದೆ ಅದನ್ನು ಎತ್ತಿಕೊಂಡಳು. ಎಡಗೈಯಲ್ಲಿ. ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಅವಳು ಬಲಗೈಯವಳು, ಬರೆಯುವುದು, ಬೆಸೆಯುವುದು, ತರಕಾರಿ ಹೆಚ್ಚುವುದು ಎಲ್ಲ ಬಲಗೈಯಲ್ಲೇ. ಹೆಬ್ಬೆರಳಿನಿಂದ ತಿರುಗಣೆ ತಿರುಗಿಸಿದಳು, ಹಿಂದೆ-ಮುಂದೆ ಮಾಡುವ ಗುಂಡಿ ಒತ್ತಿದಳು, ಕೆಂಪು ಗುಂಡಿಗೆ ಬೆರಳು ಎಟಕುತ್ತದೆಯೇ ಅಂತ ಎರಡು ಮೂರು ಸಲ ನೋಡಿದಳು.

"ದೂರ ಕೂತ್ಕೊಂಡು ಓಡಿಸಬಹುದಾ? ಎದ್ದು ಬರದೇ?" ಅಂತ ಕೇಳಿದಳು.

"ಆಚೆ ಕೋಣೆಯಿಂದಲೂ ಓಡಿಸಬಹುದು" ಅಂದ ಅಂಗಡಿಯವನು.

"ಇಂಥದ್ದೇ ಇನ್ನೊಂದು ರಿಮೋಟ್ ಸೇರಿಸಬಹುದಾ? ಇಬ್ರೂ ಒಟ್ಟಿಗೆ ಓಡಿಸೋ ಹಾಗೆ?"

"ನಾಲ್ಕು ಜನ ಓಡಿಸಬಹುದು. ರಿಮೋಟ್ ಈಗ ಎರಡು ತಗೊಳ್ತೀರಾ?"

"ಈಗ ಒಂದು ಸಾಕು" ಅಂದಳು, ನನ್ನ ಕಡೆ ನೋಡದೆ.

ನನ್ನ ರೈಲನ್ನು ಓಡಿಸುವ ಇನ್ನೊಬ್ಬರು ಯಾರು? ಕೇಳಲಿಲ್ಲ. ಇನ್ನೂ ಒಂದೇ ಸ್ಟಾಪು ಬಂದಿತ್ತು. "ನಿನಗೆ ಅದೇ ಸರಿ ಅನ್ಸಿದ್ರೆ ಅದನ್ನೇ ತಗೋ" ಅಂದೆ. ನಾನೇ ಆರಿಸುತ್ತೇನೆ ಅಂದವನು ಹೀಗೆ ಬಾಲ ಮುದುರಿದ್ದು ಅವಳಿಗೆ ವಿಚಿತ್ರವಾಗಿ ಕಾಣಲಿಲ್ಲ, ಖುಷಿಯಾಯಿತು, ಅಷ್ಟೇ.

ಕಟ್ಟಿಕೊಡುವಾಗ ಅಂಗಡಿಯವನು ನನ್ನ ಮುಖ ನೋಡಿ ಹೇಳಿದ, "ಯಜಮಾನ್ರೇ, ಹಳೇ ಪೆಟ್ಟಿಗೆಯ ತಂತಿ ಪೂರ್ತಿ ಕಿತ್ತುಹಾಕಿ. ಹಳೇದು ಹೊಸದು ಎರಡೂ ಒಂದೇ ಹಳೀಲಿ ಸೇರಬಾರದು. ಸೇರಿದ್ರೆ ಎರಡೂ ಹೋಗುತ್ತೆ." ಬಾಗಿಲವರೆಗೆ ಬಂದು ಮತ್ತೆ ಹೇಳಿದ. ಮೂರನೆಯ ಸಲ ಹೇಳಿದಾಗ ನನಗೆ ಖಾತ್ರಿಯಾಯಿತು, ಹಳೆಯದನ್ನು ನಮ್ಮ ಕೈಯಿಂದ ಬಿಡಿಸಿ ತನ್ನ ಮಾಲಿಗೆ ಗಂಟುಹಾಕುವ ಉಪಾಯ ಅದು ಅಂತ.

ಮುಂದಿನ ಭಾನುವಾರ ಸೊಸೆ ಊಟದ ಮೇಜಿನ ಮೇಲೆ ದೀಪ, ಭೂತಗನ್ನಡಿ ಇಟ್ಟುಕೊಂಡು ನನ್ನ ಎರಡು ಎಂಜಿನ್ನುಗಳ ಹೊಟ್ಟೆ ಬಿಚ್ಚಿದಳು. ನಾನು ಎದುರಿಗೆ ಕೂತು ಕಣ್ಣು ಮಿಟುಕಿಸದೆ ಕಾದೆ. ಅವಳ ಕೈ ಒಮ್ಮೆಯೂ ನಡುಗಲಿಲ್ಲ. ಸಂಜೆಗೆ ಎರಡರೊಳಗೂ ಚಿಪ್ ಕೂತಿತ್ತು. ಹಳೆಯ ತಂತಿಗಳನ್ನೆಲ್ಲ ಬಿಡಿಸಿ, ಹೊಸ ಪೆಟ್ಟಿಗೆಯ ಎರಡು ತಂತಿ ಹಳಿಗೆ ಕೊಟ್ಟು, ರಿಮೋಟನ್ನು ನನ್ನ ಕೈಗಿತ್ತಳು. "ಮೂರು ಒತ್ತಿ ಮಾವ" ಅಂದಳು.

ಒತ್ತಿದೆ. ನಿಲ್ದಾಣದಲ್ಲಿದ್ದ ಹಸಿರು ಎಂಜಿನ್ನು ಹೊರಟಿತು. ಯಾರ್ಡಿನಲ್ಲಿದ್ದ ಕಪ್ಪು ಎಂಜಿನ್ನೂ ಹೊರಟಿತು.

"ನೋಡ್ದ್ಯಾ ಮೋಸ?" ಅಂದೆ. "ಒಂದು ನಂಬರಿಗೆ ಒಂದೇ ಎಂಜಿನ್ ಅಂದಿದ್ದೆಯಲ್ಲ. ಇದಕ್ಕೆ ನನ್ನ ಹಳೇ ಪೆಟ್ಟಿಗೆ ಏನು ತಪ್ಪು ಮಾಡಿತ್ತು?"

ಅವಳು ಜೊತೆಗೆ ಬಂದ ಕಾಗದ ಓದಿದಳು. ತಯಾರಾಗಿ ಬರುವಾಗ ಪ್ರತಿ ಚಿಪ್ಪಿಗೂ ಮೂರು ಅನ್ನುವ ಒಂದೇ ನಂಬರಂತೆ, ಬೇರೆ ನಂಬರು ನಾವು ಕೊಡಬೇಕಂತೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಒಂದೇ ಹೆಸರಿಟ್ಟ ಹಾಗೆ ಅಂತ ನನ್ನಾಕೆ ಬಾಗಿಲಲ್ಲಿ ನಿಂತು ನಕ್ಕಳು. ಕಪ್ಪು ಎಂಜಿನ್ನಿಗೆ ಏಳು ಅಂತ ಹೆಸರಾಯಿತು. ಏಳು ಒತ್ತಿ ತಿರುಗಣೆಯನ್ನು ಒಂದೇ ಒಂದು ಹಲ್ಲು ತಿರುಗಿಸಿದೆ. ಅದು ಎಷ್ಟು ನಿಧಾನವಾಗಿ ಹೊರಟಿತು ಅಂದರೆ ಅದರ ಚಕ್ರದ ಒಂದೊಂದು ಕಡ್ಡಿಯನ್ನೂ ಎಣಿಸಬಹುದಿತ್ತು. ಹದಿನೇಳು ವರ್ಷದಲ್ಲಿ ನನ್ನ ಯಾವ ಎಂಜಿನ್ನೂ ಹಾಗೆ ನಡೆದಿರಲಿಲ್ಲ. ನನಗೆ ಬಹಳ ಖುಷಿಯಾಯಿತು. ಖುಷಿಯನ್ನು ಮುಖಕ್ಕೆ ಬರಲು ಬಿಡಲಿಲ್ಲ.

ಆ ಖುಷಿ ಎರಡು ದಿನ ಇತ್ತು. ಮಂಗಳವಾರ ಸಂಜೆ ಸೊಸೆ ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಕದ್ದು ಕೇಳಲಿಲ್ಲ, ಕೇಳಿಸುವಷ್ಟು ಹತ್ತಿರ ಹೋಗಿ ನಿಂತೆ. "ಇಲ್ಲ, ಮಾವನಿಗೆ ಇನ್ನೂ ಹೇಳಿಲ್ಲ. ಮೊದಲು ಇದು ಸರಿಯಾಗಿ ಓಡಲಿ. ಶನಿವಾರ ಬೋರ್ಡು, ಮೇಜು ತೆಗೆದುಬಿಟ್ರೆ ಆಮೇಲೆ ಹೇಳ್ತೀನಿ" ಅನ್ನುತ್ತಿದ್ದಳು.

ಅಂದರೆ ಶನಿವಾರ. ನನ್ನ ಹತ್ತಿರ ಮೂರು ದಿನ ಇತ್ತು. ಬೋರ್ಡು ಇನ್ನೂ ಬೇಕು, ಹೊಸದು ಒಂದನ್ನೇ ನಂಬಿ ಕೂರಲಾಗದು ಅಂತ ತೋರಿಸಬೇಕಿತ್ತು. ಬುಧವಾರ ಮಧ್ಯಾಹ್ನ ಮಗ ಗೋದಾಮಿನ ಪಾಳಿಗೆ, ಸೊಸೆ ಕೆಲಸಕ್ಕೆ, ನನ್ನಾಕೆ ಅವಳ ಅಕ್ಕನ ಮನೆಗೆ ಹೋಗಿದ್ದರು. ನಾನು ಹಲಗೆಯ ಕೆಳಗೆ ನುಗ್ಗಿ, ಹಳೆಯ ಪೆಟ್ಟಿಗೆಯ ತಂತಿಯನ್ನು ಗೂಡ್ಸ್ ಯಾರ್ಡಿನ ಹಳಿಗೆ ಮತ್ತೆ ಬೆಸೆದೆ. ಯಾರ್ಡಿಗೂ ಮುಖ್ಯ ಹಳಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿದ್ದೆ ಆ ಕಾಲದಲ್ಲಿ. ಆಚೆ ಹೊಸದು, ಈಚೆ ಹಳೆಯದು, ಒಂದಕ್ಕೊಂದು ತಾಗುವುದಿಲ್ಲ ಅಂತ ನನ್ನ ಎಣಿಕೆ.

ಹಳೆಯ ಪೆಟ್ಟಿಗೆಯ ಗುಂಡಿ ತಿರುಗಿಸಿದೆ. ಕಪ್ಪು ಎಂಜಿನ್ನು ಎದ್ದು ನಡೆಯಿತು, ಚಿಪ್ಪಿದ್ದರೂ. ನೋಡಿದಿರಾ, ಹಳೆಯದರ ಮಾತೂ ಕೇಳುತ್ತದೆ ಅಂತ ನನಗೆ ಗೆದ್ದ ಹಾಗಾಯಿತು. ಅದು ಮೆಲ್ಲಗೆ ಸಂದಿನ ಹತ್ತಿರ ಹೋಯಿತು. ಮುಂದಿನ ಚಕ್ರ ಸಂದು ದಾಟಿ ಆಚೆ ಹೋದಾಗ ಹಿಂದಿನ ಚಕ್ರ ಈಚೆಯೇ ಇರುತ್ತದೆ, ಎಂಜಿನ್ನೇ ಎರಡನ್ನೂ ಕೂಡಿಸಿಬಿಡುತ್ತದೆ ಅನ್ನುವುದು ಹದಿನೇಳು ವರ್ಷ ಹಳಿ ಹಾಕಿದವನಿಗೆ ಹೊಳೆಯಲಿಲ್ಲ. ಚಟ್ ಅಂತ ಒಂದು ಸಣ್ಣ ಸದ್ದು. ಎಂಜಿನ್ನಿನ ನೆತ್ತಿಯಿಂದ ಒಂದೆಳೆ ಹೊಗೆ. ಹಲಗೆಯಡಿಯ ಹೊಸ ಪೆಟ್ಟಿಗೆಯ ದೀಪ ಆರಿತು. ಏಳು ಒತ್ತಿದೆ, ಮೂರು ಒತ್ತಿದೆ, ಕೆಂಪು ಗುಂಡಿ ಒತ್ತಿದೆ. ಯಾವುದೂ ಇಲ್ಲ.

ತಂತಿ ಕಿತ್ತೆ. ಕಿಟಕಿ ತೆರೆದೆ. ಟವೆಲ್ಲು ಬೀಸಿ ವಾಸನೆ ಓಡಿಸಿದೆ.

ಸಂಜೆ ನನ್ನಾಕೆ ಒಳಗೆ ಬಂದವಳೇ ಮೂಗು ಅರಳಿಸಿ, "ಏನೋ ಸುಟ್ಟ ವಾಸನೆ" ಅಂದಳು. ಸೊಸೆ ಬಂದ ಕೂಡಲೇ ನಾನೇ ಮೊದಲು ಬಾಯಿ ಮಾಡಿದೆ. "ನಿನ್ನ ಅಂಗಡಿಯವನು ಚೆನ್ನಾಗಿ ಟೋಪಿ ಹಾಕಿದ. ತನ್ನಷ್ಟಕ್ಕೆ ತಾನೇ ಸುಟ್ಟುಹೋಯ್ತು."

ಅವಳು ಚೀಲವನ್ನೂ ಕೆಳಗಿಡದೆ ಕೋಣೆಗೆ ಹೋದಳು. ಕಪ್ಪು ಎಂಜಿನ್ನು ಎತ್ತಿ ಮೂಸಿದಳು. ಹಲಗೆಯ ಕೆಳಗೆ ಬಗ್ಗಿ ತುಂಬ ಹೊತ್ತು ನೋಡಿದಳು. ಎದ್ದು ಬಂದಾಗ ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ಗಾಬರಿ ಇತ್ತು. "ಹತ್ತೇ ದಿನ ಉಳಿದಿರೋದು" ಅಂತ ತನ್ನಲ್ಲೇ ಅಂದುಕೊಂಡಳು. ನಾನು ಅದನ್ನೂ ಪುಸ್ತಕದಲ್ಲಿ ಬರೆದುಕೊಂಡೆ. ಅಂಗಡಿ ತೆರೆಯಲು ಹತ್ತು ದಿನ.

ಮರುದಿನ ಇಬ್ಬರೂ ಅಂಗಡಿಗೆ ಹೋದೆವು. ನಾನು ಬಾಗಿಲಲ್ಲೇ ಶುರುಮಾಡಿದೆ: ಮೋಸ, ಕಳಪೆ ಮಾಲು, ಊರಿಗೆಲ್ಲ ಹೇಳುತ್ತೇನೆ. ಅಂಗಡಿಯವನು ಹಣೆಯ ಕನ್ನಡಕವನ್ನು ಕಣ್ಣಿಗಿಳಿಸಿ ಪೆಟ್ಟಿಗೆಯ ತಿರುಪು ಬಿಚ್ಚಿದ. ಒಳಗೆ ಒಂದು ಕಡೆ ಕಪ್ಪಗೆ ಕರಕಲಾಗಿತ್ತು.

"ಇದಕ್ಕೆ ಎರಡು ಕಡೆಯಿಂದ ಕರೆಂಟು ಬಂದಿದೆ" ಅಂದ. "ಯಜಮಾನ್ರೇ, ಹಳೇ ಪೆಟ್ಟಿಗೆ ಜೋಡಿಸಿದ್ರಾ?"

"ಇಲ್ಲ" ಅಂದೆ. ಅಂದವನು ಗಾಜಿನ ಆಚೆ ಬೀದಿ ನೋಡಿದೆ. ನೋಡುತ್ತಿದ್ದ ಹಾಗೇ ನಾನು ಏನು ಮಾಡುತ್ತಿದ್ದೇನೆ ಅಂತ ನನಗೇ ತಿಳಿಯಿತು, ಆದರೆ ಕತ್ತು ತಿರುಗಿಸಲು ಆಗಲಿಲ್ಲ.

"ನಾನು ಜೋಡಿಸಿದ್ದೆ" ಅಂದಳು ಸೊಸೆ. "ಪರೀಕ್ಷೆ ಮಾಡೋಣ ಅಂತ. ನೀವು ಮೂರು ಸಲ ಹೇಳಿದ್ರೂ ಮರೆತೆ. ತಪ್ಪು ನಂದೇ."

ಅಂಗಡಿಯವನು ಅವಳನ್ನು ನೋಡಿದ, ನನ್ನನ್ನು ನೋಡಿದ. ರಿಪೇರಿಗೆ ಕಳಿಸುತ್ತೇನೆ, ಮೂರು ವಾರ ಆಗಬಹುದು ಅಂದ. ಅವಳ ಮುಖ ಬಾಡಿದ್ದು ಕಂಡು, ಕಪಾಟಿನ ಮೇಲೆ ಗಿರಾಕಿಗಳಿಗೆ ತೋರಿಸಲು ಇಟ್ಟುಕೊಂಡಿದ್ದ ಅಂಥದ್ದೇ ಪೆಟ್ಟಿಗೆಯನ್ನು ಬಿಚ್ಚಿ ಕೊಟ್ಟ. "ಅದು ಬರೋವರೆಗೆ ಇದನ್ನ ಇಟ್ಕೊಳ್ಳಿ. ನಿಮಗೆ ಅರ್ಜೆಂಟು ಅಂತ ಗೊತ್ತು." ಚೀಟಿ ಬರೆಸಿಕೊಳ್ಳಲಿಲ್ಲ, ಸಹಿ ಕೇಳಲಿಲ್ಲ. ಟೋಪಿ ಹಾಕುವವನು ಇವನು ಅಂತ ನಾನು ಈಗಷ್ಟೇ ಕೂಗಿದ್ದೆ.

ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತೆವು. ಪೆಟ್ಟಿಗೆ ಅವಳ ಮಡಿಲಲ್ಲಿತ್ತು. ಎರಡು ಬಸ್ಸು ಬಂದು ಹೋದವು, ನಮ್ಮದಲ್ಲ.

"ಯಾಕೆ ಹಾಗಂದೆ?" ಅಂತ ಕೇಳಿದೆ.

"ಹಲಗೆ ಕೆಳಗೆ ಹೊಸ ಬೆಸುಗೆ ಇತ್ತು. ನನ್ನ ಬೆಸುಗೆ ಅಷ್ಟು ದಪ್ಪ ಇರೋಲ್ಲ ಮಾವ."

"ಅದನ್ನೇ ಅವನ ಮುಂದೆ ಹೇಳಬಹುದಿತ್ತು."

"ಹೊರಗಿನವರ ಮುಂದೆ ನಿಮ್ಮನ್ನ ಸುಳ್ಳುಗಾರ ಮಾಡಬೇಕಿತ್ತಾ?"

ನಾಚಿಕೆಯಾಯಿತು. ನಾಚಿಕೆಯಾದರೆ ನಾನು ತಲೆ ತಗ್ಗಿಸುವವನಲ್ಲ, ಮೇಲೆ ಬೀಳುವವನು. ಜೇಬಿನಿಂದ ಪುಸ್ತಕ ತೆಗೆದು ಆ ಪುಟ ಅವಳ ಮುಂದೆ ಹಿಡಿದೆ. "ಮೊದಲು ಇದೇನು ಹೇಳು. ಬಾಗಿಲಿನ ಅಗಲ, ಹೊಸಿಲಿನ ಎತ್ತರ. ಅಂಗಡಿ ಯಾವಾಗ ತೆರೀತೀಯ?"

ಅವಳು ನನ್ನ ಅಕ್ಷರದಲ್ಲಿದ್ದ ತನ್ನ ಅಂಕಿಗಳನ್ನು ನೋಡಿದಳು. ಬೆಚ್ಚಲಿಲ್ಲ. "ಯಾವ ಅಂಗಡಿ?" ಅಂದಳು. "ರೂಮು ಬೇಕಿತ್ತು, ನಿಮ್ಮ ಅನುಮಾನ ಸರಿ. ಆದ್ರೆ ನನಗಲ್ಲ, ಅಪ್ಪನಿಗೆ."

ಆಮೇಲೆ ಎಲ್ಲ ಹೇಳಿದಳು. ಬೀಗರು ಹಡಗುಕಟ್ಟೆಯಲ್ಲಿ ನಲವತ್ತು ವರ್ಷ ಕ್ರೇನ್ ಓಡಿಸಿದವರು. ಪಾರ್ಶ್ವವಾಯು ಹೊಡೆದು ಬಲಭಾಗ ಬಿದ್ದುಹೋಗಿತ್ತು. ಅವರಿದ್ದದ್ದು ಮೂರನೇ ಮಹಡಿ, ಲಿಫ್ಟಿಲ್ಲ, ಜೊತೆಗೆ ಯಾರೂ ಇಲ್ಲ. ತಿಂಗಳ ಕೊನೆಗೆ ಆಸ್ಪತ್ರೆಯವರು ಕರೆದುಕೊಂಡು ಹೋಗಿ ಅಂದಿದ್ದಾರೆ. ಗಾಲಿಕುರ್ಚಿ ನಮ್ಮ ಬಾಗಿಲಲ್ಲಿ ತೂರುತ್ತದೆಯೇ, ಹೊಸಿಲು ದಾಟುತ್ತದೆಯೇ ಅಂತ ಅಳತೆ ತೆಗೆದಿದ್ದಳು.

"ಎಡಗೈಗೆ ಏನಾದ್ರೂ ಕೆಲಸ ಕೊಡಿ ಅಂದ್ರು ಡಾಕ್ಟರು" ಅಂದಳು. "ಅಪ್ಪ ಚಮಚ ಕೊಟ್ಟರೆ ಎಸೀತಾರೆ. ಚೆಂಡು ಕೊಟ್ಟರೆ ನಾನೇನು ಮಗುನಾ ಅಂತಾರೆ. ಕೈಯಲ್ಲಿ ಲಿವರ್ ಹಿಡಿದು ಬದುಕಿದೋರು. ಅದಕ್ಕೇ ಕಂಟ್ರೋಲರ್ ನೋಡ್ತಿದ್ದೆ, ಹಾಸಿಗೆಯಲ್ಲಿ ಕೂತು ಒಂದೇ ಕೈಲಿ ಓಡಿಸೋ ಅಂಥದ್ದು. ನಿಮ್ಮ ರೂಮು ಕಿತ್ಕೊಳ್ಳೋದು ಬೇಡ, ಒಂದು ಗೋಡೆ ಸಾಕು, ಮಿಕ್ಕಿದ್ದಕ್ಕೆ ಅವರನ್ನೂ ನಿಮ್ಮ ಜೊತೆ ಸೇರಿಸಿಬಿಡೋಣ ಅಂತ."

"ಮನೇಲಿ ಇದು ಯಾರ್ಯಾರಿಗೆ ಗೊತ್ತು?"

"ಎಲ್ಲರಿಗೂ."

"ನಿಮ್ಮತ್ತೆಗೆ?"

"ಅತ್ತೇನೇ ಹೇಳಿಕೊಟ್ಟಿದ್ದು. ಮೊದಲು ಗೋಡೆ ಖಾಲಿ ಮಾಡಿಸು, ಆಮೇಲೆ ಬಾಯಿ ಬಿಡು ಅಂತ."

ಮನೆಯಲ್ಲಿ, ಆಸ್ಪತ್ರೆಯಲ್ಲಿ, ಆ ಅಂಗಡಿಯಲ್ಲಿ, ಎಲ್ಲ ಕಡೆ ಗೊತ್ತಿತ್ತು. ಗೊತ್ತಿಲ್ಲದವನು ಹದ್ದು ಒಬ್ಬನೇ. ಆಸ್ಪತ್ರೆಯಲ್ಲಿ ಆ ಮನುಷ್ಯನ ಮಂಚದ ಪಕ್ಕ ಹತ್ತು ನಿಮಿಷ ನಿಂತಿದ್ದೆನಲ್ಲ, ಹೊದಿಕೆಯ ಹೊರಗಿದ್ದ ಅವರ ಕೈ ನೆನಪಾಗುತ್ತದೆಯೇ ಅಂತ ನೋಡಿದೆ. ನೆನಪಾಗಲಿಲ್ಲ. ಗಡಿಯಾರ ನೆನಪಿತ್ತು.

"ನೇರವಾಗಿ ನನ್ನನ್ನೇ ಕೇಳಬಹುದಿತ್ತಲ್ಲ" ಅಂದೆ.

ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ಕೇಳಿದ್ರೆ ಕೊಡ್ತಿದ್ರಾ?"

ಎರಡು ದಿನದಲ್ಲಿ ಅಷ್ಟೊಂದು ಸುಳ್ಳು ಹೇಳಿದ್ದೆ, ಇನ್ನೊಂದು ಹೇಳಿದ್ದರೆ ಭಾರವಾಗುತ್ತಿರಲಿಲ್ಲ. ಅವಳು ನನಗಾಗಿ ಒಂದು ಹೇಳಿದ್ದಳು, ಅದೇ ಅಡ್ಡ ಬಂತು.

"ಇಲ್ಲ" ಅಂದೆ.

ಅವಳು ತಲೆಯಾಡಿಸಿದಳು. ಬೇಜಾರು ಮಾಡಿಕೊಳ್ಳಲಿಲ್ಲ. ಉತ್ತರ ಅವಳಿಗೆ ಮೂರು ತಿಂಗಳಿನಿಂದ ಗೊತ್ತಿತ್ತು. ಮಡಿಲ ಪೆಟ್ಟಿಗೆಯನ್ನು ಸರಿಮಾಡಿಕೊಂಡು ಬಸ್ಸು ಬರುವ ದಿಕ್ಕಿಗೆ ತಿರುಗಿದಳು. ಬೇರೆ ಎಲ್ಲಿ ಬಾಡಿಗೆಗೆ ಒಂದು ಕೋಣೆ ಸಿಕ್ಕೀತು ಅಂತ ಅವಳು ಆಗಲೇ ಯೋಚಿಸಲು ಶುರುಮಾಡಿದ್ದು ಅವಳ ಹಣೆಯಲ್ಲೇ ಕಾಣುತ್ತಿತ್ತು.

"ನಿಮ್ಮಪ್ಪ ಎಷ್ಟು ಎತ್ತರ?" ಅಂತ ಕೇಳಿದೆ.

ಅವಳು ತಟ್ಟನೆ ತಿರುಗಿದಳು. ಕಣ್ಣು ಕಿರಿದಾಯಿತು. "ಯಾಕೆ ಕೇಳ್ತಿದ್ದೀರಿ?"

"ಮೇಜು ತೆಗೆದ್ರೆ ಗೋಡೆ ಪಕ್ಕ ಆರಡಿ ಸಿಗುತ್ತೆ. ಅದಕ್ಕಿಂತ ಉದ್ದದ ಆಳಾದ್ರೆ ಮಂಚ ಹಿಡಿಸೋಲ್ಲ, ಸುರಂಗ ಕೊಯ್ಯಬೇಕಾಗುತ್ತೆ."

ಆರಡಿಗಿಂತ ಸ್ವಲ್ಪ ಹೆಚ್ಚು ಅಂದಳು, ಆದರೆ ನನ್ನನ್ನು ನಂಬಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಓರೆಗಣ್ಣಿನಲ್ಲಿ ನನ್ನನ್ನೇ ಗಮನಿಸುತ್ತಿದ್ದಳು. ಮನೆಗೆ ಬಂದು ನಾನು ಗರಗಸ ಹುಡುಕಿ ತೆಗೆದು ಸುರಂಗದ ಮೇಲಿಟ್ಟು ಮೊದಲ ಎಳೆತ ಎಳೆಯುವವರೆಗೂ ಅವಳು ಬಾಗಿಲಲ್ಲಿ ಚಪ್ಪಲಿಯನ್ನೂ ಬಿಡದೆ ನಿಂತೇ ಇದ್ದಳು.